ಕೇಳುಗರ ಋಣ

(ಗ್ರೇಟ್‌ಫುಲ್ ಡೆಡ್ ತಂಡ ಮತ್ತು ಅದರ ಅಭಿಮಾನಿಗಳನ್ನು ಕುರಿತು ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಈ ದತ್ತಿ ಯಾರ ನೆನಪಿನಲ್ಲಿದೆಯೋ ಅವರು ಹಾಡಿದವರಲ್ಲ, ನುಡಿಸಿದವರೂ ಅಲ್ಲ. ನಲವತ್ತು ವರ್ಷ ಕಚೇರಿಗಳಲ್ಲಿ ಮುಂದಿನ ಸಾಲಿನಲ್ಲಿ ಕೂತು ಕೇಳಿದವರು. ಮಕ್ಕಳು ತಂದೆಯ ಹೆಸರಿನಲ್ಲಿ ಹಣ ಇಡುವಾಗ ಒಂದು ಮಾತು ಬರೆಸಿದರಂತೆ: ವರ್ಷಕ್ಕೊಮ್ಮೆಯಾದರೂ ಯಾರಾದರೂ ಕೇಳುಗರ ಬಗ್ಗೆ ಮಾತಾಡಲಿ ಎಂದು. ಆ ಸಾಲು ಓದಿದ ಕೂಡಲೇ ನನ್ನ ಮನಸ್ಸಿಗೆ ಬಂದದ್ದು ಅಮೆರಿಕದ ಗ್ರೇಟ್‌ಫುಲ್ ಡೆಡ್ ಎಂಬ ತಂಡ. ಕರ್ನಾಟಕದ ಸಭೆಯಲ್ಲಿ ದೂರದ ರಾಕ್ ತಂಡದ ಮಾತೇಕೆ ಎಂದು ಒಬ್ಬಿಬ್ಬರು ಫೋನ್ ಮಾಡಿ ಕೇಳಿದರು. ಕೇಳುವವರು ಒಂದು ಸಂಗೀತವನ್ನು ಹೇಗೆ ಕಾಪಾಡಬಲ್ಲರು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಸಿಕ್ಕಿಲ್ಲ. ಅದಕ್ಕೇ ಈ ವಿಷಯ.

ಮೊದಲು ಹೆಸರಿನಿಂದಲೇ ಶುರು ಮಾಡೋಣ. 1965ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಐದು ಜನ ಹುಡುಗರು ಈ ತಂಡ ಕಟ್ಟಿದರು. ಇವತ್ತು ನಮ್ಮೂರುಗಳ ಎಷ್ಟೋ ಮಕ್ಕಳು ಕಂಪ್ಯೂಟರ್ ಕೆಲಸಕ್ಕೆ ಹೋಗಿ ನೆಲೆಸಿರುವ ಸೀಮೆ ಅದು. ತಂಡದ ಆರಂಭದ ಕಾರ್ಯಕ್ರಮಗಳು ನಡೆದದ್ದು ಪಕ್ಕದ ಮೆನ್ಲೊ ಪಾರ್ಕ್‌ನ ಒಂದು ಪಿಜ್ಜಾ ಅಂಗಡಿಯಲ್ಲಿ. ಆ ಐವರು ಜೆರಿ ಗಾರ್ಸಿಯ, ಬಾಬ್ ವೇರ್, ಫಿಲ್ ಲೆಶ್, ಬಿಲ್ ಕ್ರೂಟ್ಸ್‌ಮನ್, ಎಲ್ಲರೂ ಪಿಗ್‌ಪೆನ್ ಎಂದು ಕರೆಯುತ್ತಿದ್ದ ರಾನ್ ಮೆಕರ್ನನ್. ಎರಡು ವರ್ಷದ ಮೇಲೆ ಮಿಕಿ ಹಾರ್ಟ್ ಎರಡನೇ ಡ್ರಮ್ಮಿಗನಾಗಿ ಬಂದ. ಮೊದಲು ಇಟ್ಟುಕೊಂಡಿದ್ದ ಹೆಸರು ವಾರ್‌ಲಾಕ್ಸ್. ಆ ಹೆಸರಿನಲ್ಲಿ ಬೇರೆ ತಂಡವಿದೆ ಎಂದು ತಿಳಿದಾಗ ಹೊಸ ಹೆಸರು ಹುಡುಕಬೇಕಾಯಿತು. ಒಂದು ದಿನ ಗಾರ್ಸಿಯ ನಿಘಂಟು ತೆರೆದಾಗ ಕಣ್ಣಿಗೆ ಬಿದ್ದದ್ದು ‘ಗ್ರೇಟ್‌ಫುಲ್ ಡೆಡ್’, ಅಂದರೆ ಉಪಕಾರ ಮರೆಯದ ಸತ್ತವರು, ಎಂಬ ಎರಡು ಪದ.

ಜಾನಪದ ಓದಿದವರಿಗೆ ಇದು ಪರಿಚಿತ ಆಶಯ. ಸ್ಟಿತ್ ಥಾಂಪ್ಸನ್ನನ ಆಶಯ ಸೂಚಿಯಲ್ಲಿ ಇದಕ್ಕೆ ಸಂಖ್ಯೆಯೇ ಇದೆ. 1908ರಲ್ಲಿ ಜೆರೌಲ್ಡ್ ಎಂಬ ವಿದ್ವಾಂಸ ಇದರ ಮೇಲೆ ಒಂದು ಪುಸ್ತಕವನ್ನೇ ಬರೆದ. ಕಥೆ ಇಷ್ಟು: ದಾರಿಹೋಕನೊಬ್ಬ ಒಂದು ಊರಿಗೆ ಬರುತ್ತಾನೆ. ಅಲ್ಲಿ ಹೆಣವೊಂದು ಮಣ್ಣಾಗದೆ ಬಿದ್ದಿರುತ್ತದೆ. ಸತ್ತವನು ಸಾಲ ತೀರಿಸಿಲ್ಲ, ಆದ್ದರಿಂದ ಸಾಲ ಕೊಟ್ಟವರು ಮಣ್ಣು ಮಾಡಲು ಬಿಡುತ್ತಿಲ್ಲ. ದಾರಿಹೋಕ ಗಂಟಿನಲ್ಲಿದ್ದ ಕೊನೆಯ ಕಾಸೂ ಕೊಟ್ಟು ಆ ಸಾಲ ತೀರಿಸಿ, ಮಣ್ಣು ಮಾಡಿ ಮುಂದೆ ಹೋಗುತ್ತಾನೆ. ಆಮೇಲೆ ದಾರಿಯಲ್ಲಿ ಅವನಿಗೊಬ್ಬ ಜೊತೆಗಾರ ಸಿಗುತ್ತಾನೆ, ಪ್ರತಿ ಕಷ್ಟದಲ್ಲೂ ಕಾಯುತ್ತಾನೆ. ಕೊನೆಗೆ ತಿಳಿಯುತ್ತದೆ, ಆ ಜೊತೆಗಾರ ಅದೇ ಸತ್ತವನು. ಋಣ ತೀರಿಸಲು ಬಂದವನು. ಗುರುತಿಲ್ಲದವನ ಸಾಲ ತೀರಿಸುವ ಈ ಕಥೆಯನ್ನು ಒಂದು ತಂಡ ಹೆಸರಾಗಿ ಇಟ್ಟುಕೊಂಡಿತು. ಮುಂದಿನ ಅರವತ್ತು ವರ್ಷ ಆ ತಂಡಕ್ಕೂ ಅದರ ಕೇಳುಗರಿಗೂ ನಡುವೆ ನಡೆದದ್ದೆಲ್ಲ ಈ ಕಥೆಯ ವಿಸ್ತಾರದ ಹಾಗೆ ನನಗೆ ಕಾಣುತ್ತದೆ.

ಅವರ ಸಂಗೀತದ ಬೇರು ಎಲ್ಲಿದೆ ಎಂದು ನೋಡಿದರೂ ಕಾಣುವುದು ಋಣವೇ. ಗಾರ್ಸಿಯ ರಾಕ್ ಸಂಗೀತದಿಂದ ಬಂದವನಲ್ಲ, ಬ್ಯಾಂಜೊ ಹಿಡಿದು ಬ್ಲೂಗ್ರಾಸ್ ಎಂಬ ಬೆಟ್ಟದ ಸೀಮೆಯ ಸಂಗೀತದಿಂದ ಬಂದವನು. ನಾಲ್ಕು ವರ್ಷದವನಿದ್ದಾಗ ಕಟ್ಟಿಗೆ ಒಡೆಯುವಾಗ ಅಣ್ಣನ ಕೊಡಲಿ ತಗುಲಿ ಬಲಗೈಯ ನಡುಬೆರಳಿನ ಬಹುಭಾಗ ಹೋಗಿತ್ತು. ಆ ಕೈಯಲ್ಲೇ ಬ್ಯಾಂಜೊ ಮೀಟಲು ಕಲಿತ. ತಂಡಕ್ಕೆ ಮೊದಲು ಇವರಲ್ಲಿ ಮೂವರು ಸೇರಿ ಒಂದು ಜಗ್ ಬ್ಯಾಂಡ್ ನಡೆಸುತ್ತಿದ್ದರು. ಜಗ್ ಬ್ಯಾಂಡ್ ಎಂದರೆ ಖಾಲಿ ಜಾಡಿಯ ಬಾಯಿಗೆ ಊದಿ ಮಂದ್ರ ಸ್ವರ ಹೊರಡಿಸುವ, ಬಟ್ಟೆ ಒಗೆಯುವ ತಗಡಿನ ಹಲಗೆಯನ್ನು ಗೀರಿ ತಾಳ ಹಾಕುವ ಬಡವರ ಮೇಳ. 1920ರ ದಶಕದ ಕೊನೆಗೆ ಮೆಂಫಿಸ್‌ನಲ್ಲಿ ಕ್ಯಾನನ್ಸ್ ಜಗ್ ಸ್ಟಾಂಪರ್ಸ್ ಎಂಬ ಕರಿಯರ ತಂಡವಿತ್ತು. ಅದರಲ್ಲಿ ಮೌತ್ ಆರ್ಗನ್ ನುಡಿಸುತ್ತಿದ್ದ ನೋವಾ ಲೂಯಿಸ್ ಬಡತನದಲ್ಲೇ 1961ರಲ್ಲಿ ತೀರಿಕೊಂಡ. ಆ ತಂಡದ ಹಾಡುಗಳನ್ನು ಗ್ರೇಟ್‌ಫುಲ್ ಡೆಡ್ ವರ್ಷಗಟ್ಟಲೆ ಹಾಡಿತು. ಕುರುಡ ಬೀದಿ ಗಾಯಕ ರೆವರೆಂಡ್ ಗ್ಯಾರಿ ಡೇವಿಸ್, ಮರ್ಲ್ ಹ್ಯಾಗರ್ಡ್, ಜಾನಿ ಕ್ಯಾಶ್, ಚಕ್ ಬೆರಿ, ಕರ್ತೃ ಯಾರೆಂದು ತಿಳಿಯದ ಹತ್ತಾರು ಲಾವಣಿಗಳು, ಎಲ್ಲವೂ ಇವರ ಸಂಚಿಯಲ್ಲಿದ್ದವು. ಅವರ ಹಾಡು ಕೇಳಿದ ಹುಡುಗರು ಮೂಲ ಯಾವುದೆಂದು ಹುಡುಕಿಕೊಂಡು ಹಳೆಯ ಪ್ಲೇಟುಗಳ ಅಂಗಡಿಗೆ ಹೋದರು. ಸತ್ತವರ ಹಾಡು ಬದುಕಿದವರ ಮನೆಗೆ ಹಾಗೆ ಬಂತು.

1970ರಲ್ಲಿ ಇವರ ಎರಡು ಧ್ವನಿಮುದ್ರಿಕೆಗಳು ಬಂದವು, ‘ವರ್ಕಿಂಗ್‌ಮನ್ಸ್ ಡೆಡ್’ ಮತ್ತು ‘ಅಮೆರಿಕನ್ ಬ್ಯೂಟಿ’. ವೇದಿಕೆ ಹತ್ತದೆಯೇ ತಂಡದ ಸದಸ್ಯನೆನಿಸಿಕೊಂಡಿದ್ದ ರಾಬರ್ಟ್ ಹಂಟರ್ ಎಂಬ ಕವಿ ಹಾಡುಗಳ ಸಾಹಿತ್ಯ ಬರೆದ. ಗಣಿ ಕೆಲಸದವರು, ಜೂಜುಕೋರರು, ರೈಲು ಓಡಿಸುವವರು, ಪೊಲೀಸರಿಂದ ಓಡುವವರು ಆ ಹಾಡುಗಳಲ್ಲಿ ಬರುತ್ತಾರೆ. ಬರೆದು ಐದಾರು ವರ್ಷಕ್ಕೇ ಅವು ನೂರು ವರ್ಷ ಹಳೆಯ ಜನಪದ ಗೀತೆಗಳೆಂಬಂತೆ ಜನರ ಬಾಯಲ್ಲಿ ನೆಲೆಸಿದವು. ಸ್ಟುಡಿಯೊದಲ್ಲಿ ಇವರು ಮಾಡಿದ ಕೆಲಸದಲ್ಲಿ ಇವೇ ಅತ್ಯುತ್ತಮ ಎಂಬುದು ನನ್ನ ಅಭಿಪ್ರಾಯ.

ಆದರೆ ಅಭಿಮಾನಿಗಳಿಗೆ ಸ್ಟುಡಿಯೊ ಮುಖ್ಯವಾಗಿರಲಿಲ್ಲ. ಮೂವತ್ತು ವರ್ಷಗಳಲ್ಲಿ ಈ ತಂಡ ಸುಮಾರು 2,300 ಕಚೇರಿ ಕೊಟ್ಟಿತು. ಯಾವ ರಾತ್ರಿ ಯಾವ ಹಾಡು ಎಂಬ ಪಟ್ಟಿ ಮೊದಲೇ ಇರುತ್ತಿರಲಿಲ್ಲ. ಒಂದು ಹಾಡು ಮುಗಿಯದೆಯೇ ಇನ್ನೊಂದರೊಳಗೆ ಇಳಿಯುತ್ತಿತ್ತು, ನಡುವೆ ದಾರಿ ತಪ್ಪುತ್ತಿತ್ತು, ಹತ್ತು ನಿಮಿಷದ ಮೇಲೆ ಯಾವುದೋ ತಿರುವಿನಲ್ಲಿ ಮತ್ತೆ ಸಿಗುತ್ತಿತ್ತು. ‘ಡಾರ್ಕ್ ಸ್ಟಾರ್’ ಎಂಬ ಹಾಡು 1968ರ ಪ್ಲೇಟಿನಲ್ಲಿ ಮೂರು ನಿಮಿಷಕ್ಕೂ ಕಡಿಮೆ. ವೇದಿಕೆಯ ಮೇಲೆ ಅದು ಅರ್ಧ ಗಂಟೆ ಹಬ್ಬಿದ್ದುಂಟು. ರಾಗದ ಆಲಾಪನೆ ಕೇಳಿ ಬೆಳೆದ ನಮಗೆ ಇದರಲ್ಲಿ ಬೆರಗೇನೂ ಇಲ್ಲ. ಮೂರು ನಿಮಿಷದ ಹಾಡಿನ ದೇಶದಲ್ಲಿ ಅದು ಬೆರಗಾಗಿತ್ತು. ಕೆಟ್ಟ ರಾತ್ರಿಗಳೂ ಬೇಕಾದಷ್ಟಿದ್ದವು. 1969ರ ಹೆಸರಾಂತ ವುಡ್‌ಸ್ಟಾಕ್ ಉತ್ಸವದಲ್ಲಿ ತೀರಾ ಕೆಟ್ಟದಾಗಿ ನುಡಿಸಿದೆವೆಂದು ಇವರೇ ಎಷ್ಟೋ ಸಲ ಒಪ್ಪಿಕೊಂಡಿದ್ದಾರೆ. ನಿನ್ನೆ ಸೋತವರು ಇವತ್ತು ಗೆಲ್ಲಬಹುದು ಎಂಬ ಆಸೆಯೇ ಜನರನ್ನು ಮಾರನೆಯ ಊರಿಗೂ ಎಳೆದುಕೊಂಡು ಹೋಗುತ್ತಿತ್ತು. ಮೇಳದ ಹಿಂದೆ ರಾತ್ರಿಯಿಂದ ರಾತ್ರಿಗೆ ಅಲೆಯುವ ಯಕ್ಷಗಾನದ ಹುಚ್ಚರನ್ನು ನೋಡಿದವರಿಗೆ ಈ ಜನ ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ಅಮೆರಿಕದಲ್ಲಿ ಅವರನ್ನು ಡೆಡ್‌ಹೆಡ್‌ಗಳೆಂದು ಕರೆಯುತ್ತಾರೆ.

ತಂಡವೇ ಅವರನ್ನು ಕರೆದು ಮಾತಾಡಿಸಿತು ಎಂಬುದು ಗಮನಿಸಬೇಕಾದ ಸಂಗತಿ. 1971ರ ಧ್ವನಿಮುದ್ರಿಕೆಯ ಹೊದಿಕೆಯ ಒಳಗೆ ಒಂದು ಸಣ್ಣ ಪ್ರಕಟಣೆ ಅಚ್ಚಾಯಿತು. ನೀವು ಯಾರು, ಎಲ್ಲಿದ್ದೀರಿ, ಹೇಗಿದ್ದೀರಿ, ನಿಮ್ಮ ಹೆಸರು ವಿಳಾಸ ಕಳುಹಿಸಿ ಎಂಬ ಅರ್ಥದ ಮಾತು. ಪತ್ರಗಳು ಬಂದವು, ತಂಡದಿಂದ ಸುದ್ದಿಪತ್ರಗಳು ಹೋದವು. 1983ರಿಂದ ಟಿಕೆಟ್ಟುಗಳನ್ನೂ ಅಂಚೆಯಲ್ಲಿ ನೇರವಾಗಿ ಮಾರತೊಡಗಿದರು. ಅಂಗೈಯಗಲದ ಒಂದು ಕಾರ್ಡಿನಲ್ಲಿ ಬೇಡಿಕೆ ಬರೆದು, ಮನಿ ಆರ್ಡರ್ ಇಟ್ಟು, ವಿಳಾಸ ಬರೆದ ಮರುಲಕೋಟೆ ಸೇರಿಸಿ ಕಳುಹಿಸಬೇಕಿತ್ತು. ಜನ ಆ ಲಕೋಟೆಗಳ ಮೇಲೆ ಚಿತ್ರ ಬರೆಯತೊಡಗಿದರು. ಗುಲಾಬಿ, ತಲೆಬುರುಡೆ, ಕುಣಿಯುವ ಕರಡಿ, ಬಣ್ಣದ ಪೆನ್ಸಿಲಿನಲ್ಲಿ ಗಂಟೆಗಟ್ಟಲೆ ಕೂತು ತುಂಬಿಸಿದ ಅಂಚುಗಳು. ಒಳ್ಳೆಯ ಚಿತ್ರಕ್ಕೆ ಒಳ್ಳೆಯ ಸೀಟು ಸಿಗಬಹುದೆಂಬ ಆಸೆ ಕೆಲವರಿಗೆ ಇತ್ತೆನ್ನಿ. ಆ ಲಕೋಟೆಗಳನ್ನು ತಂಡದವರು ಎಸೆಯಲಿಲ್ಲ. ಅವು ಇವತ್ತು ಸಾಂಟಾ ಕ್ರೂಜ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ, ತಂಡದ ದಾಖಲೆಗಳ ಜೊತೆಗೇ ಇವೆ.

ಈಗ ಟೇಪಿನ ವಿಚಾರ. ಈ ಉಪನ್ಯಾಸದ ಹೃದಯ ಇರುವುದು ಇಲ್ಲಿ, ಆದ್ದರಿಂದ ಸ್ವಲ್ಪ ನಿಧಾನಿಸುತ್ತೇನೆ.

ತಂಡ ಹುಟ್ಟುವುದಕ್ಕೆ ಒಂದು ವರ್ಷ ಮೊದಲು, 1964ರಲ್ಲಿ, ಗಾರ್ಸಿಯ ಗೆಳೆಯನೊಬ್ಬನ ಜೊತೆ ಕಾರಿನಲ್ಲಿ ದೇಶದ ಅರ್ಧ ಭಾಗ ದಾಟಿ ಬ್ಲೂಗ್ರಾಸ್ ಕೇಳಲು ಹೋಗಿದ್ದ. ಜೊತೆಗೊಂದು ಟೇಪ್ ರೆಕಾರ್ಡರ್ ಇತ್ತು. ಬಿಲ್ ಮನ್ರೊನಂಥ ಹಿರಿಯರ ತಂಡದಲ್ಲಿ ನುಡಿಸಬೇಕೆಂಬ ಕನಸು ಕೈಗೂಡಲಿಲ್ಲ, ಧ್ವನಿಮುದ್ರಿಸಿಕೊಂಡ ಸುರುಳಿಗಳು ಮಾತ್ರ ಮನೆಗೆ ಬಂದವು. ಅಂದರೆ ಗಾರ್ಸಿಯನೇ ಮೊದಲು ಟೇಪ್ ಮಾಡಿಕೊಳ್ಳುವ ಕೇಳುಗ. ಮುಂದೆ ತನ್ನ ಕಚೇರಿಗಳಿಗೆ ಹುಡುಗರು ಮೈಕುಗಳನ್ನು ಬಟ್ಟೆಯೊಳಗೆ ಬಚ್ಚಿಟ್ಟುಕೊಂಡು ಬಂದಾಗ ಅವರಲ್ಲಿ ಅವನಿಗೆ ಕಳ್ಳರು ಕಾಣಲಿಲ್ಲ. ನಾವು ನುಡಿಸಿ ಮುಗಿಸಿದ ಮೇಲೆ ಅದು ಅವರದೇ ಎಂಬ ಧಾಟಿಯಲ್ಲಿ ಅವನು ಮಾತಾಡುತ್ತಿದ್ದ. ಧ್ವನಿಮುದ್ರಿಕೆ ಮಾರಿ ಬದುಕುವ ಉದ್ಯಮದಲ್ಲಿ ಹೀಗೆ ಹೇಳುವವರು ಅಪರೂಪ.

1970ರ ದಶಕದ ಆರಂಭದಲ್ಲೇ ನ್ಯೂಯಾರ್ಕಿನಲ್ಲಿ ಟೇಪುಗಳನ್ನು ಪುಕ್ಕಟೆಯಾಗಿ ಬದಲಾಯಿಸಿಕೊಳ್ಳುವ ಬಳಗ ಹುಟ್ಟಿತು. ಅದರಿಂದಲೇ 1974ರಲ್ಲಿ ‘ಡೆಡ್ ರೆಲಿಕ್ಸ್’ ಎಂಬ ಪತ್ರಿಕೆ ಹೊರಟಿತು. ‘ರೆಲಿಕ್ಸ್’ ಎಂಬ ಹೆಸರಿನಲ್ಲಿ ಅದು ಇಂದಿಗೂ ಬರುತ್ತಿದೆ. ಟೇಪ್ ಮಾಡುವವರ ಸಂಖ್ಯೆ ಬೆಳೆದು, ಸಭೆಯ ನಡುವೆ ಮೈಕಿನ ಕೋಲುಗಳು ಕಬ್ಬಿನ ಗದ್ದೆಯ ಹಾಗೆ ಎದ್ದು ನಿಂತು, ಹಿಂದಿನವರಿಗೆ ವೇದಿಕೆ ಕಾಣದಾಯಿತು. ತಂಡ ಟೇಪ್ ನಿಷೇಧಿಸಲಿಲ್ಲ. 1984ರ ಅಕ್ಟೋಬರಿನಲ್ಲಿ ಬರ್ಕ್ಲಿಯ ಕಚೇರಿಯಿಂದ ಅವರಿಗೆಂದೇ ಪ್ರತ್ಯೇಕ ಜಾಗ ಬಿಟ್ಟುಕೊಟ್ಟಿತು, ಪ್ರತ್ಯೇಕ ಟಿಕೆಟ್ ಮುದ್ರಿಸಿತು. ಧ್ವನಿ ನಿಯಂತ್ರಿಸುವ ಮೇಜಿನ ಹಿಂದೆ ಆ ಜಾಗ. ಷರತ್ತು ಒಂದೇ: ಮಾರುವಂತಿಲ್ಲ. ಕೊಡಬಹುದು, ಬದಲಾಯಿಸಿಕೊಳ್ಳಬಹುದು, ಕಾಸು ಮಾತ್ರ ಮುಟ್ಟುವಂತಿಲ್ಲ.

ಆ ಷರತ್ತನ್ನು ಕಾಯ್ದವರು ವಕೀಲರಲ್ಲ, ಕೇಳುಗರು. ನನ್ನ ಕೈಯಲ್ಲಿ ಈಗ ಇರುವುದು ಅಂಥದೇ ಒಂದು ಕ್ಯಾಸೆಟ್. ಮ್ಯಾಕ್ಸೆಲ್ ಎಕ್ಸ್‌ಎಲ್ ಟು, 90 ನಿಮಿಷದ್ದು. 1992ರಲ್ಲಿ ನಾನು ನ್ಯೂಯಾರ್ಕ್ ರಾಜ್ಯದಲ್ಲಿ ಓದುತ್ತಿದ್ದೆ. ಹಾಸ್ಟೆಲಿನ ಗೆಳೆಯನೊಬ್ಬ ಒಂದು ವಿಳಾಸ ಕೊಟ್ಟು ಎರಡು ಖಾಲಿ ಕ್ಯಾಸೆಟ್, ವಾಪಸ್ ಬರಲು ಬೇಕಾದಷ್ಟು ಅಂಚೆ ಚೀಟಿ, ಇಷ್ಟು ಕಳುಹಿಸು ಎಂದ. ಅದೇ ಪದ್ಧತಿ. ಮೂರು ಗಂಟೆಯ ಕಚೇರಿಗೆ ಎರಡು ಕ್ಯಾಸೆಟ್ ಬೇಕು. ಮೂರು ವಾರದ ಮೇಲೆ ಲಕೋಟೆ ಬಂತು. ಒಳಗೆ ಎರಡಲ್ಲ, ಮೂರು ಕ್ಯಾಸೆಟ್ ಇದ್ದವು. ಒಳಗಿನ ಕಾರ್ಡನ್ನು ನೋಡಿ: ಊರು, ಸಭಾಂಗಣ, ತಾರೀಖು ಕಪ್ಪು ಮಸಿಯಲ್ಲಿ, ಹಾಡುಗಳ ಹೆಸರು ಹಸಿರು ಮಸಿಯಲ್ಲಿ. ಎರಡು ಹಾಡು ಬಿಡುವಿಲ್ಲದೆ ಕೂಡಿದ ಕಡೆಯಲ್ಲೆಲ್ಲ ಒಂದು ಬಾಣದ ಗುರುತು. ಟೇಪು ತಿರುಗಿಸುವಾಗ ಕಳೆದುಹೋದ ಕೆಲವು ಸೆಕೆಂಡುಗಳ ಕಡೆಗೂ ಒಂದು ಗುರುತು. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇದು ಯಾವ ಯಂತ್ರದಿಂದ ಯಾವ ಯಂತ್ರಕ್ಕೆ, ಎಷ್ಟನೇ ಪ್ರತಿಯಾಗಿ ಇಳಿಯಿತು ಎಂಬ ವಂಶಾವಳಿ. ಪ್ರತಿಯಿಂದ ಪ್ರತಿಗೆ ಟೇಪಿನ ಗುಸುಗುಸು ಹೆಚ್ಚುತ್ತದೆ. ಆದ್ದರಿಂದ ಎಷ್ಟನೇ ತಲೆಮಾರಿನದು ಎಂಬುದನ್ನು ಮುಚ್ಚಿಡದೆ ಬರೆಯುವುದು ಅವರಲ್ಲಿ ಮರ್ಯಾದೆಯ ಪ್ರಶ್ನೆ. ಗುರುಪರಂಪರೆ ಹೇಳಿ ಹಾಡಲು ಕೂರುವ ನಮ್ಮ ಹಿರಿಯರು ನನಗೆ ನೆನಪಾದರು.

ಮೂರನೆಯ ಕ್ಯಾಸೆಟ್ಟಿನ ಬೆಲೆ ಕಳುಹಿಸುತ್ತೇನೆಂದು ಬರೆದೆ. ಅಲ್ಲಿಂದ ಒಂದು ಪೋಸ್ಟ್ ಕಾರ್ಡ್ ಬಂತು. ನನಗೆ ಬೇಡ, ಮುಂದೆ ಯಾರಾದರೂ ನಿನ್ನನ್ನು ಕೇಳಿದಾಗ ಅವರಿಗೊಂದು ಹೆಚ್ಚು ಕಳುಹಿಸು ಎಂದು ಅದರಲ್ಲಿತ್ತು. ಆ ಮನುಷ್ಯನನ್ನು ನಾನು ಕಂಡವನಲ್ಲ. ಆದರೆ ಅಂದು ಅರ್ಥವಾಯಿತು. ಈ ಋಣವನ್ನು ಕೊಟ್ಟವನಿಗೆ ತೀರಿಸುವಂತಿಲ್ಲ, ಮುಂದಿನವನಿಗೇ ತೀರಿಸಬೇಕು. ಹೆಣದ ಸಾಲ ತೀರಿಸಿದ ದಾರಿಹೋಕನೂ ತಿರುಗಿ ಬರುತ್ತದೆಂದು ಲೆಕ್ಕ ಹಾಕಿ ಕೊಟ್ಟವನಲ್ಲ.

ಹೀಗೆ ಹರಡಿದ ಟೇಪುಗಳಲ್ಲಿ ಒಂದರ ಕಥೆ ಹೇಳಲೇಬೇಕು. 1977ರ ಮೇ 8ರಂದು ಇಥಾಕಾ ಊರಿನ ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್‌ನಲ್ಲಿ ಕಚೇರಿ. ಮೇ ತಿಂಗಳಾದರೂ ಆ ದಿನ ಅಲ್ಲಿ ಹಿಮ ಬಿತ್ತು. ತಂಡದ ಧ್ವನಿಮುದ್ರಣಗಾರ್ತಿ ಬೆಟ್ಟಿ ಕ್ಯಾಂಟರ್ ಜಾಕ್ಸನ್ ಅದನ್ನು ರೀಲ್ ಟೇಪಿನಲ್ಲಿ ಹಿಡಿದಿಟ್ಟರು. ಆಕೆಯ ಕಿವಿ ಎಂಥದೆಂದರೆ ಇಂದಿಗೂ ಆ ಸ್ಪಷ್ಟತೆಗೆ ಹೋಲಿಸಿ ಉಳಿದ ಟೇಪುಗಳನ್ನು ಅಳೆಯುತ್ತಾರೆ. ಮುಂದೆ ಆಕೆಗೆ ಕಷ್ಟದ ದಿನ ಬಂತು. ಟೇಪುಗಳನ್ನು ಇಟ್ಟಿದ್ದ ಬಾಡಿಗೆ ಗೋದಾಮಿನ ಹಣ ಕಟ್ಟಲಾಗದೆ 1986ರಲ್ಲಿ ಎಲ್ಲವೂ ಹರಾಜಾದವು. ಗುರುತಿಲ್ಲದವರು ಕೊಂಡರು. ಅವರ ಕೈಯಿಂದ ಅಭಿಮಾನಿಗಳ ಕೈಗೆ ಬಂದು, ಪ್ರತಿಯ ಮೇಲೆ ಪ್ರತಿಯಾಗಿ ದೇಶದ ಮೂಲೆ ಮೂಲೆಗೆ ಹರಡಿದವು. ‘ಬೆಟ್ಟಿ ಬೋರ್ಡ್ಸ್’ ಎಂದೇ ಅವುಗಳಿಗೆ ಹೆಸರಾಯಿತು. ಬಾರ್ಟನ್ ಹಾಲ್‌ನ ಆ ರಾತ್ರಿಯ ಧ್ವನಿಮುದ್ರಣವನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2012ರಲ್ಲಿ ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿಕೊಂಡಿತು. ಆ ಹೊತ್ತಿಗೆ ಅದು ಅಂಗಡಿಯಲ್ಲಿ ಅಧಿಕೃತವಾಗಿ ಮಾರಾಟಕ್ಕೇ ಬಂದಿರಲಿಲ್ಲ. ಬಂದದ್ದು 2017ರಲ್ಲಿ, ಕಚೇರಿಗೆ ನಲವತ್ತು ವರ್ಷ ತುಂಬಿದಾಗ. ಒಂದು ದೇಶದ ಆಸ್ತಿಯನ್ನು ಮೂವತ್ತು ವರ್ಷ ಪುಕ್ಕಟೆಯಾಗಿ ಕಾದವರು ಈ ಜನ.

1993ರ ಮಾರ್ಚ್‌ನಲ್ಲಿ ಆಲ್ಬನಿ ನಗರದಲ್ಲಿ ನಾನು ಇವರ ಒಂದು ಕಚೇರಿ ಕೇಳಿದೆ. ಸಭಾಂಗಣದ ಹೊರಗೆ ಜಾತ್ರೆಯೇ ನೆರೆದಿತ್ತು. ಕೈಯಲ್ಲೇ ಗಂಟು ಕಟ್ಟಿ ಬಣ್ಣದಲ್ಲಿ ಅದ್ದಿದ ಅಂಗಿಗಳು, ಪುಟ್ಟ ಒಲೆಯ ಮೇಲೆ ಚೀಸ್ ಬ್ರೆಡ್ಡು ಸುಡುವ ವಾಸನೆ, ಟಿಕೆಟ್ ಇಲ್ಲದವರು ಒಂದು ಬೆರಳೆತ್ತಿಕೊಂಡು ನಿಲ್ಲುವುದು, ಯಾರೋ ಹೆಚ್ಚಿದ್ದ ಟಿಕೆಟ್ ಅವರ ಕೈಗಿಟ್ಟು ನಿಲ್ಲದೆ ಹೋಗಿಬಿಡುವುದು. ಅದಕ್ಕೆ ಅವರಲ್ಲಿ ‘ಮಿರಾಕಲ್’ ಎನ್ನುತ್ತಾರೆ. ಆದರೆ ನನ್ನ ಕಣ್ಣಿನಲ್ಲಿ ಉಳಿದದ್ದು ಒಳಗಿನ ಒಂದು ದೃಶ್ಯ. ಬದಿಯಲ್ಲಿ ಕಿವುಡ ಅಭಿಮಾನಿಗಳು ನಿಂತಿದ್ದರು. ಮುಂದೆ ನಿಂತ ಒಬ್ಬಾಕೆ ಹಾಡಿನ ಮಾತುಗಳನ್ನು ಕೈಸನ್ನೆಯಲ್ಲಿ ಹೇಳುತ್ತಿದ್ದಳು. ಅವರಲ್ಲಿ ಹಲವರು ಊದಿದ ಬಲೂನುಗಳನ್ನು ಎರಡು ಅಂಗೈಗಳ ನಡುವೆ ಹಗುರಾಗಿ ಹಿಡಿದುಕೊಂಡಿದ್ದರು. ಫಿಲ್ ಲೆಶ್‌ನ ಬಾಸ್ ಗಿಟಾರಿನ ಕಂಪನ ಬಲೂನಿನ ತೊಗಲಿಗೆ ಬಂದು ಬೆರಳಿಗೆ ತಾಕುತ್ತದೆ. ವಯಸ್ಸಾದ ಒಬ್ಬ ಕಣ್ಣು ಮುಚ್ಚಿ ಬಲೂನನ್ನು ಕೆನ್ನೆಗೆ ಒತ್ತಿಕೊಂಡಿದ್ದ. ಕೇಳುವುದೆಂದರೆ ಏನು ಎಂದು ಯಾರಾದರೂ ಪ್ರಶ್ನೆ ಎತ್ತಿದಾಗಲೆಲ್ಲ ನನಗೆ ಆ ಕೆನ್ನೆ ನೆನಪಾಗುತ್ತದೆ.

ವಿರಾಮದ ವೇಳೆ ಮತ್ತೊಂದು ಕಡೆ ಹಳದಿ ಬಲೂನುಗಳ ಕೆಳಗೆ ಇನ್ನೊಂದು ಗುಂಪು ಸೇರುತ್ತಿತ್ತು. ಅವರು ಮದ್ಯ, ಮಾದಕ ವಸ್ತು ಬಿಟ್ಟವರು. ಬಿಟ್ಟ ಮೇಲೂ ಸಂಗೀತ ಬಿಡಲಾರದವರು. ಇದನ್ನು ಹೇಳುವಾಗ ಇನ್ನೊಂದು ಮುಖವನ್ನೂ ಹೇಳಬೇಕು. ಈ ತಂಡದ ಸುತ್ತ ಮಾದಕ ವಸ್ತುಗಳ ನೆರಳು ಮೊದಲ ದಿನದಿಂದಲೂ ಇತ್ತು. ಪಿಗ್‌ಪೆನ್ 27ನೇ ವಯಸ್ಸಿಗೆ ಕುಡಿತದಿಂದ ಹೋದ. ಕೀಬೋರ್ಡ್ ನುಡಿಸುತ್ತಿದ್ದ ಬ್ರೆಂಟ್ ಮಿಡ್‌ಲ್ಯಾಂಡ್ 1990ರಲ್ಲಿ ಮಾದಕ ವಸ್ತು ಮಿತಿಮೀರಿ ಸತ್ತ. ಎಷ್ಟೋ ಎಳೆಯ ಅಭಿಮಾನಿಗಳು ವರ್ಷಗಟ್ಟಲೆ ಜೈಲಿನಲ್ಲಿ ಕಳೆದರು. ಅಭಿಮಾನದ ಕಥೆ ಹೇಳುತ್ತಾ ಇದನ್ನು ಬಚ್ಚಿಟ್ಟರೆ ಅದು ಭಟ್ಟಂಗಿತನವಾದೀತು.

ಜನಪ್ರಿಯತೆಯೂ ಇವರಿಗೆ ಪೆಟ್ಟು ಕೊಟ್ಟಿತು. 1986ರಲ್ಲಿ ಗಾರ್ಸಿಯ ಮಧುಮೇಹದಿಂದ ಪ್ರಜ್ಞೆ ತಪ್ಪಿ ಸಾವಿನ ಬಾಗಿಲಿಗೆ ಹೋಗಿ ಬಂದ. ಎದ್ದ ಮೇಲೆ ಗಿಟಾರ್ ಹಿಡಿಯುವುದನ್ನೇ ಮತ್ತೆ ಕಲಿಯಬೇಕಾಯಿತು. ಆ ವರ್ಷದ ಡಿಸೆಂಬರಿನಲ್ಲಿ ವೇದಿಕೆಗೆ ಮರಳಿದಾಗ ಸಭೆಯಲ್ಲಿ ಅತ್ತವರು ಅನೇಕರು. ಮರುವರ್ಷ ಬಂದ ‘ಟಚ್ ಆಫ್ ಗ್ರೇ’ ಹಾಡು ಬಿಲ್‌ಬೋರ್ಡ್ ಪಟ್ಟಿಯಲ್ಲಿ 9ನೇ ಸ್ಥಾನಕ್ಕೆ ಏರಿತು. ಮೊದಲ ಹತ್ತರೊಳಗೆ ಬಂದ ಇವರ ಒಂದೇ ಹಾಡು ಅದು. ಇದ್ದಕ್ಕಿದ್ದಂತೆ ಜನ ಉಕ್ಕಿ ಬಂದರು. ಹಾಡಿಗಿಂತ ಹೊರಗಿನ ಜಾತ್ರೆಗೆ ಬಂದವರೇ ಹೆಚ್ಚಾದರು. 1995ರ ಜುಲೈ 2ರಂದು ಇಂಡಿಯಾನಾದ ಡಿಯರ್ ಕ್ರೀಕ್‌ನಲ್ಲಿ ಟಿಕೆಟ್ ಇಲ್ಲದ ಗುಂಪು ಬೇಲಿ ಮುರಿದು ನುಗ್ಗಿತು, ಮರುದಿನದ ಕಚೇರಿ ರದ್ದಾಯಿತು. ತಂಡದವರೆಲ್ಲ ಸೇರಿ ಅಭಿಮಾನಿಗಳಿಗೊಂದು ಪತ್ರ ಬರೆದರು. ಗೇಟು ಮುರಿಯುವವರನ್ನು ನೀವೇ ತಡೆಯಬೇಕು, ಇಲ್ಲದಿದ್ದರೆ ಊರೂರು ಸುತ್ತುವ ಈ ಬದುಕು ಮುಗಿಯಿತೆಂದು ತಿಳಿಯಿರಿ ಎಂಬುದು ಅದರ ತಾತ್ಪರ್ಯ. ಮನೆಯವರಿಗೆ ಬರೆಯುವಷ್ಟು ನೇರವಾದ, ನೊಂದ ಪತ್ರ. ಜುಲೈ 9ರಂದು ಶಿಕಾಗೊದ ಸೋಲ್ಜರ್ ಫೀಲ್ಡ್‌ನಲ್ಲಿ ಕೊನೆಯ ಕಚೇರಿ. ಸರಿಯಾಗಿ ಒಂದು ತಿಂಗಳಿಗೆ, ಆಗಸ್ಟ್ 9ರಂದು, ಗಾರ್ಸಿಯ ತೀರಿಕೊಂಡ. ಆಗ 53 ವರ್ಷ.

ಅವನ ಅಸ್ಥಿಯ ಒಂದು ಭಾಗ ಭಾರತಕ್ಕೆ ಬಂತು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರಲಾರದು. 1996ರ ಏಪ್ರಿಲ್‌ನಲ್ಲಿ ಬಾಬ್ ವೇರ್ ಮತ್ತು ಗಾರ್ಸಿಯನ ಪತ್ನಿ ಹೃಷೀಕೇಶದಲ್ಲಿ ಅದನ್ನು ಗಂಗೆಗೆ ಬಿಟ್ಟರು. ಈ ನೆಲದ ಜೊತೆ ತಂಡಕ್ಕಿದ್ದ ನಂಟು ಅದೊಂದೇ ಅಲ್ಲ. ಸಾನ್ ರಫೆಲ್ ಎಂಬ ಊರಿನಲ್ಲಿ ಗ್ರೇಟ್‌ಫುಲ್ ಡೆಡ್‌ನ ಆಫೀಸು ಇತ್ತು. ಅದೇ ಊರಿನಲ್ಲಿ ಉಸ್ತಾದ್ ಅಲಿ ಅಕ್ಬರ್ ಖಾನರ ಸಂಗೀತ ವಿದ್ಯಾಲಯವೂ ಇತ್ತು. ಅಲ್ಲಿ ಪಾಠ ಹೇಳುತ್ತಿದ್ದ ತರುಣ ಜಾಕಿರ್ ಹುಸೇನ್ ಮತ್ತು ಡ್ರಮ್ಮಿಗ ಮಿಕಿ ಹಾರ್ಟ್ ಗೆಳೆಯರಾದರು. ಅವರಿಬ್ಬರ ‘ದಿಗಾ’ ಧ್ವನಿಮುದ್ರಿಕೆ 1976ರಲ್ಲಿ ಬಂತು, ಅದರಲ್ಲಿ ಗಾರ್ಸಿಯನೂ ಗಿಟಾರ್ ನುಡಿಸಿದ. 1991ರ ‘ಪ್ಲಾನೆಟ್ ಡ್ರಮ್’ನಲ್ಲಿ ನಮ್ಮ ಘಟಂ ವಿದ್ವಾನ್ ವಿಕ್ಕು ವಿನಾಯಕರಾಂ ಸೇರಿದರು; ವಿಶ್ವ ಸಂಗೀತಕ್ಕೆ ಕೊಟ್ಟ ಮೊದಲ ಗ್ರ್ಯಾಮಿ ಪ್ರಶಸ್ತಿ ಅದಕ್ಕೇ ಬಂತು. ಅದೇ ಅಲಿ ಅಕ್ಬರ್ ಖಾನರ ಶಿಷ್ಯರಾದ ನಮ್ಮ ರಾಜೀವ ತಾರಾನಾಥರ ಸರೋದನ್ನು ಈ ಸಭೆಯಲ್ಲಿ ಹಲವರು ಎದುರು ಕೂತು ಕೇಳಿದ್ದೀರಿ. ಹಾಗಾಗಿ ಇದು ತೀರ ದೂರದ ಮನೆಯ ಮಾತೇನಲ್ಲ.

ಗಾರ್ಸಿಯ ಹೋದ ಮೇಲೆ ಗ್ರೇಟ್‌ಫುಲ್ ಡೆಡ್ ಎಂಬ ಹೆಸರನ್ನು ಉಳಿದವರು ಮುಚ್ಚಿಟ್ಟರು. ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಡಿಕ್ ಲಾಟ್‌ವಾಲ ಎಂಬವನು ಟೇಪು ಸಂಗ್ರಹಿಸುತ್ತಿದ್ದ ಒಬ್ಬ ಅಭಿಮಾನಿ. ಅವನನ್ನೇ ತಂಡ ತನ್ನ ಟೇಪು ಭಂಡಾರದ ಕಾವಲಿಗೆ ನೇಮಿಸಿಕೊಂಡಿತ್ತು. 1993ರಲ್ಲಿ ಅವನು ಆರಿಸಿದ ಹಳೆಯ ಕಚೇರಿಗಳ ಮಾಲಿಕೆ ಶುರುವಾಯಿತು. 36 ಸಂಪುಟ ಬಂದವು. 1999ರಲ್ಲಿ ಅವನು ತೀರಿಕೊಂಡ ಮೇಲೂ ಮಾಲಿಕೆಗೆ ಅವನದೇ ಹೆಸರು. ಮನೆಯಲ್ಲಿ ಪುಕ್ಕಟೆ ಪ್ರತಿ ಇಟ್ಟುಕೊಂಡವರೇ ಮತ್ತೆ ಹಣ ಕೊಟ್ಟು ಇವನ್ನು ಕೊಂಡರು. 2024ರ ಫೆಬ್ರವರಿಯಲ್ಲಿ ಬಿಲ್‌ಬೋರ್ಡ್ ಪಟ್ಟಿಯ ಮೊದಲ ನಲವತ್ತರೊಳಗೆ ಇವರ 59ನೇ ಧ್ವನಿಮುದ್ರಿಕೆ ಬಂತು. ಎಲ್ವಿಸ್ ಪ್ರೆಸ್ಲಿ, ಫ್ರ್ಯಾಂಕ್ ಸಿನಾಟ್ರಾ ಇಬ್ಬರ ದಾಖಲೆಯೂ ಮುರಿಯಿತು. ಕೊಟ್ಟರೆ ಕಳೆದುಹೋಗುತ್ತದೆ ಎಂದು ಹೆದರುವ ಎಲ್ಲ ಕಂಪನಿಗಳೂ ಓದಬೇಕಾದ ಲೆಕ್ಕ ಇದು.

ಒಮ್ಮೆ ತಂಡವೂ ಹೆದರಿತು. 2005ರ ನವೆಂಬರಿನಲ್ಲಿ ಇಂಟರ್‌ನೆಟ್ ಆರ್ಕೈವ್‌ನಲ್ಲಿದ್ದ ತನ್ನ ಸಾವಿರಾರು ಕಚೇರಿಗಳನ್ನು ಇಳಿಸಿಕೊಳ್ಳದಂತೆ ತಡೆಹಿಡಿಯಿತು. ಅಭಿಮಾನಿಗಳು ಸಿಡಿದೆದ್ದರು. ಹಾಡು ಬರೆಯುತ್ತಿದ್ದ ಜಾನ್ ಪೆರಿ ಬಾರ್ಲೊ ಅವರ ಪರ ನಿಂತ. ಫಿಲ್ ಲೆಶ್‌ನೂ ಆ ನಿರ್ಧಾರದಿಂದ ದೂರ ಸರಿದ. ಕೆಲವೇ ದಿನದಲ್ಲಿ ಸಭೆಯಲ್ಲಿ ಕೂತವರು ಮಾಡಿದ ಧ್ವನಿಮುದ್ರಣಗಳೆಲ್ಲ ಮತ್ತೆ ಮುಕ್ತವಾದವು. ತಂಡದ ಮೇಜಿನಿಂದ ನೇರ ತೆಗೆದವನ್ನು ಮಾತ್ರ ಅಲ್ಲೇ ಕೇಳಬೇಕೆಂದಾಯಿತು. ಇದು ನ್ಯಾಯವಾದ ಹಂಚಿಕೆ ಎಂದೇ ನನಗೆ ಅನಿಸುತ್ತದೆ. ಕೇಳುಗರು ಮಾಡಿದ್ದು ಕೇಳುಗರಿಗೆ ಸೇರಿತು.

2015ರಲ್ಲಿ, ಐವತ್ತು ವರ್ಷದ ನೆನಪಿಗೆ, ಉಳಿದ ನಾಲ್ವರು ಅದೇ ಸೋಲ್ಜರ್ ಫೀಲ್ಡ್‌ನಲ್ಲಿ ಮೂರು ರಾತ್ರಿ ನುಡಿಸಿದರು. ರಾತ್ರಿಗೆ ಸುಮಾರು 70 ಸಾವಿರ ಜನ. ಮತ್ತೆ ಅಂಚೆಯಲ್ಲಿ ಟಿಕೆಟ್ ಎಂದಾಗ ಮತ್ತೆ ಚಿತ್ರ ಬರೆದ ಲಕೋಟೆಗಳು ಮೂಟೆಗಟ್ಟಲೆ ಬಂದವು. 2024ರ ಅಕ್ಟೋಬರಿನಲ್ಲಿ ಫಿಲ್ ಲೆಶ್ ಹೋದರು, ಎರಡು ತಿಂಗಳೊಳಗೆ ಜಾಕಿರ್ ಹುಸೇನರೂ ಹೋದರು. 2025ರ ಆಗಸ್ಟ್ ಮೊದಲ ವಾರ, ತಂಡಕ್ಕೆ ಅರವತ್ತು ತುಂಬಿದ ನೆನಪಿಗೆ, ಸಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಪಾರ್ಕ್‌ನಲ್ಲಿ ಮೂರು ದಿನ, ಉಳಿದ ಹಳಬರು ಸೇರಿದ್ದ ಡೆಡ್ ಅಂಡ್ ಕಂಪನಿ ಎಂಬ ತಂಡದ ಹೆಸರಿನಲ್ಲಿ ಕಚೇರಿ ನಡೆಯಿತು. ಅಲ್ಲಿ ನೆರೆದವರಲ್ಲಿ ಗಾರ್ಸಿಯ ಸತ್ತಾಗ ಹುಟ್ಟಿಯೇ ಇರದಿದ್ದ ಎಷ್ಟೋ ಹುಡುಗ ಹುಡುಗಿಯರಿದ್ದರು. ಇವರು ಯಾವ ನೆನಪಿಗೆ ಬಂದವರು? ಯೌವನ ನೆನೆದು ಅಳುವ ಮುದುಕರ ಸಭೆ ಇದು ಎಂದು ತಳ್ಳಿಹಾಕುವವರಿಗೆ ಆ ಮಕ್ಕಳೇ ಉತ್ತರ. ಅವರ ಕೈಗೆ ಯಾರೋ ಒಂದು ಕ್ಯಾಸೆಟ್ ಹೆಚ್ಚಿಗೆ ಇಟ್ಟಿದ್ದಾರೆ.

ಮಾತು ಮುಗಿಸುವ ಮೊದಲು ಒಂದು ಕೋರಿಕೆ. ಈ ಸಭೆಯಲ್ಲಿ ಅರವತ್ತು ದಾಟಿದವರು ಬಹಳ ಮಂದಿ ಇದ್ದೀರಿ. ರಾಮನವಮಿಯ ಪೆಂಡಾಲಿನಲ್ಲಿ, ಯಾರದೋ ಮನೆಯ ಹಜಾರದ ಬೈಠಕ್‌ನಲ್ಲಿ, ತಾಳಮದ್ದಲೆಯ ರಾತ್ರಿಯಲ್ಲಿ ಮಡಿಲ ಮೇಲೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತವರು ನಿಮ್ಮಲ್ಲಿ ಇದ್ದೇ ಇರುತ್ತೀರಿ. ಆ ಕ್ಯಾಸೆಟ್ಟುಗಳು ಅಟ್ಟದ ಮೇಲೆ, ಟ್ರಂಕಿನಲ್ಲಿ, ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಇವೆ. ನಮ್ಮ ಮಳೆಗಾಲದ ತೇವಕ್ಕೆ ಟೇಪಿನ ಮೇಲೆ ಬೂಷ್ಟು ಕಟ್ಟುತ್ತದೆ, ಲೇಪ ಉದುರುತ್ತದೆ. ಒಮ್ಮೆ ಉದುರಿದರೆ ಯಾವ ಯಂತ್ರವೂ ಅದನ್ನು ಮರಳಿ ಹಾಡಿಸಲಾರದು. ಬೂಷ್ಟು ಹಿಡಿದದ್ದನ್ನು ಮನೆಯಲ್ಲಿ ಹಾಕಿ ನೋಡಬೇಡಿ, ಹಾಗೆಯೇ ತನ್ನಿ. ಊರು, ತಾರೀಖು, ಹಾಡಿದವರು, ಪಕ್ಕವಾದ್ಯದವರು, ಇಷ್ಟನ್ನು ನೆನಪಿದ್ದ ಮಟ್ಟಿಗೆ ಒಂದು ಚೀಟಿಯಲ್ಲಿ ಬರೆದಿಡಿ. ಈ ದತ್ತಿಯ ಕುಟುಂಬದವರು ಇಂದಿನ ಗೌರವಧನದ ಜೊತೆಗೆ ಇನ್ನಷ್ಟು ಹಣ ಸೇರಿಸಿ, ಅಂಥ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುವ ಯಂತ್ರ ಕೊಳ್ಳಲು ಒಪ್ಪಿದ್ದಾರೆ. ನನ್ನ ಪಾಲಿನ ಗೌರವಧನವನ್ನು ಅದಕ್ಕೇ ಬಿಟ್ಟಿದ್ದೇನೆ. ಹೊರಗೆ ಬಾಗಿಲ ಬಳಿ ಒಂದು ಪುಸ್ತಕ ಇಟ್ಟಿದೆ. ಹೋಗುವಾಗ ನಿಮ್ಮ ಹೆಸರು, ವಿಳಾಸ, ಮನೆಯಲ್ಲಿ ಯಾವ ವರ್ಷದ ಟೇಪು ಇದೆ ಎಂಬುದನ್ನು ಅದರಲ್ಲಿ ಬರೆದು ಹೋಗಿ.